ಹಿತ್ತಲಲ್ಲಿ ಗಿಡ ಹಚ್ಚೋದು ಮಿರಗಕ್ಕೋ, ದಸರಾ ಆದ ಮೇಲೋ?

ಎರಿಮಣ್ಣು (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಗೋಕುಲ ರೋಡ್ ಕಡೆ ಮನೆ ಕಟ್ಟಿಸಿದ್ದೇವೆ. ಹಿಂದೆ 30 ಬೈ 20 ಅಡಿ ಜಾಗ ಖಾಲಿ ಬಿಟ್ಟಿದ್ದೇವೆ, ಪೂರ್ತಿ ಎರಿ ಮಣ್ಣು (ಕಪ್ಪು ಜಿಗಟು ಮಣ್ಣು). ಈಗ ಏಪ್ರಿಲ್ ಬಿಸಿಲಿಗೆ ಬಾಯಿ ಬಿಟ್ಟಿದೆ, ಬಿರುಕಿನಲ್ಲಿ ಕೈ ಇಳಿಸಿದರೆ ಮೊಣಕೈವರೆಗೆ ಹೋಗುತ್ತದೆ. ಒಂದು ಮಾವು, ಒಂದು ಚಿಕ್ಕು, ಕರಿಬೇವು, ಪಪ್ಪಾಯಿ, ಮಲ್ಲಿಗೆ ಹಚ್ಚಬೇಕು ಅಂತ ಆಸೆ. ಉಳಿದ ಜಾಗದಲ್ಲಿ ಮನೆಗೆ ಆಗುವಷ್ಟು ಕಾಯಿಪಲ್ಲೆ.

ನರ್ಸರಿಯಲ್ಲಿ ಕೇಳಿದರೆ ಯಾವಾಗ ಬೇಕಾದರೂ ಹಚ್ಚಿ ಸರ್, ನೀರು ಹಾಕಿದರೆ ಆಯ್ತು ಅಂತಾರೆ. ನಮ್ಮ ಮಾವನವರು ಮಿರಗ (ಜೂನ್ ಮೊದಲಿಗೆ ಕೂಡೋ ಮೃಗಶಿರಾ ಮಳೆ) ಬರೋತನಕ ಒಂದು ಕಡ್ಡೀನೂ ಊರಬೇಡ ಅಂತಾರೆ. ಪಕ್ಕದ ಮನೆಯವರು ಮಳೆಗಾಲದಲ್ಲಿ ಎರಿಯಲ್ಲಿ ಹಚ್ಚಿದ್ದು ಕೊಳೆತೇ ಹೋಗುತ್ತೆ, ದಸರಾ ಮುಗಿಯಲಿ ಅಂತಾರೆ. ಯಾರ ಮಾತು ಕೇಳಲಿ? ಬೋರ್ ಇಲ್ಲ, ನಳದ ನೀರು ದಿನಾ ಬರಲ್ಲ. ಅದನ್ನೂ ಲೆಕ್ಕಕ್ಕೆ ಹಿಡಿದು ಹೇಳಿ.

ಸಾಧನಕೇರಿ ಕಾಕಾ (ಧಾರವಾಡ)

ಮಾವನವರೂ ಸರಿ, ಪಕ್ಕದ ಮನೆಯವರೂ ಸರಿ. ಅವರು ಮಾವಿನ ಗಿಡ ತಲೆಯಲ್ಲಿಟ್ಟುಕೊಂಡು ಹೇಳಿದ್ದಾರೆ, ಇವರು ಮೆಂತೆ ಕೊತ್ತಂಬರಿ ತಲೆಯಲ್ಲಿಟ್ಟುಕೊಂಡು ಹೇಳಿದ್ದಾರೆ. ಎಲ್ಲ ಗಿಡಕ್ಕೂ ಒಂದೇ ತಾರೀಖು ಕೇಳಿದರೆ ಹೀಗೇ ಆಗೋದು.

ಯಾವಾಗ ಹಚ್ಚಲಿ ಅಂತ ಕೇಳೋ ಮೊದಲು, ಈ ಗಿಡಕ್ಕೆ ಯಾವ ತಿಂಗಳು ತ್ರಾಸು ಅಂತ ಕೇಳಿಕೊಳ್ಳಿ. ಆಮೇಲೆ ಅಲ್ಲಿಂದ ಹಿಂದಕ್ಕೆ ಎಣಿಸಿ. ಮಾವು, ಚಿಕ್ಕು, ಪೇರಲ ಇವಕ್ಕೆಲ್ಲ ಮೊದಲನೇ ಬೇಸಿಗೆ ದಾಟೋದೇ ದೊಡ್ಡ ಕೆಲಸ. ಏಪ್ರಿಲ್‌ನಲ್ಲಿ ನಮ್ಮಲ್ಲಿ 37-38 ಡಿಗ್ರಿ ಮಾಮೂಲು. ಅಷ್ಟರೊಳಗೆ ಬೇರು ಕೆಳಗಿಳಿದು ತನ್ನ ಹಸಿ ತಾನು ಹುಡುಕಿಕೊಂಡಿರಬೇಕು. ಜೂನ್‌ನಲ್ಲಿ ಹಚ್ಚಿದರೆ ಬೇರಿಗೆ ಎಂಟೊಂಬತ್ತು ತಿಂಗಳು ಸಿಗುತ್ತದೆ. ಜನವರಿಯಲ್ಲಿ ಹಚ್ಚಿದರೆ ಎರಡು ತಿಂಗಳೂ ಸಿಗಲ್ಲ, ಅದರಲ್ಲೂ ಥಂಡಿಗೆ ಗಿಡ ಸುಮ್ನೆ ಕೂತಿರುತ್ತದೆ. ಆಮೇಲೆ ಕೊಡ ಹೊತ್ತು ನೀರು ಹಾಕೋರು ನೀವೇ. ನೀರು ಕಡಿಮೆ ಇದ್ದವರಿಗೆ ಮರಗಿಡ ಅಂದರೆ ಮುಂಗಾರೇ.

ಸೊಪ್ಪಿನ ಲೆಕ್ಕ ಬೇರೆ. ಮೆಂತೆ, ಕೊತ್ತಂಬರಿ, ಪಾಲಕ, ಗಜ್ಜರಿ, ಮೂಲಂಗಿಗೆ ಜುಲೈ ಜಡಿಮಳೆ ಆಗಲ್ಲ. ಎಲೆಗೆ ಕೆಸರು ಸಿಡಿದು ಬುಡ ಕೊಳೆಯುತ್ತದೆ. ಮಾರ್ಚ್ ಬಿಸಿಲೂ ಆಗಲ್ಲ, ಗೇಣುದ್ದ ಆಗೋದರೊಳಗೆ ಕೊತ್ತಂಬರಿ ಹೂ ಬಿಟ್ಟು ನಿಂತಿರುತ್ತದೆ. ಸೀಗಿ ಹುಣ್ಣಿಮೆಯಿಂದ ಶಿವರಾತ್ರಿವರೆಗೆ ಇವುಗಳ ಕಾಲ.

ನಮ್ಮ ಹಿರಿಯರು ಹಿಂದಕ್ಕೆ ಎಣಿಸಿದ್ದು ನೋಡಬೇಕಂದರೆ ಬ್ಯಾಡಗಿ ಮೆಣಸಿನಕಾಯಿ ನೋಡಿ. ಜೂನ್‌ನಲ್ಲಿ ಅಗಿ (ಸಸಿ) ಹಾಕಿ, ಜುಲೈ-ಆಗಸ್ಟ್‌ನಲ್ಲಿ ಹೊಲಕ್ಕೆ ಹಚ್ಚುತ್ತಾರೆ. ಮೊದಲೇ ಹಚ್ಚಿದರೆ ಗಿಡ ಬರಲ್ಲ ಅಂತೇನಿಲ್ಲ. ಆದರೆ ಹಣ್ಣು ಕೆಂಪಾಗಿ ಒಣಗೋ ಹೊತ್ತಿಗೆ ಮಳೆ ಇರಬಾರದು. ಒಣ ಹವೆ, ತಂಪು ಬಿಸಿಲು ಬೇಕು, ಅಂದರೆ ಡಿಸೆಂಬರ್ ದಾಟಬೇಕು. ಬ್ಯಾಡಗಿ ಕಾಯಿಗೆ ಬೆಲೆ ಇರೋದೇ ಬಣ್ಣಕ್ಕೆ. ಹಣ್ಣಿನ ಮೇಲೆ ಮಳೆ ಬಿದ್ದರೆ ಬಣ್ಣಾನೂ ಹೋಯ್ತು, ಬೂಸ್ಟೂ ಹತ್ತಿತು.

ಬೆಟಗೇರಿ ಬಾಲ್ಕನಿ (ಗದಗ)

ಕಾಕಾರ, ನಿಮ್ಮ ಮಾತು ಧಾರವಾಡಕ್ಕೆ ನೂರಕ್ಕೆ ನೂರು ಸರಿ. ನಮ್ಮ ಗದಗಕ್ಕೆ ಅರ್ಧ ಸರಿ.

ಅಳ್ನಾವರ, ಕಲಘಟಗಿ ಕಡೆ ಘಟ್ಟದ ಮಳೆ ಜಗ್ಗಿ ಸುರಿಯುತ್ತದೆ. ಧಾರವಾಡದಲ್ಲಿ ಜುಲೈ ಅಂದರೆ ಛತ್ರಿ ಮಡಚೋ ಹಾಗಿಲ್ಲ. ಅಲ್ಲಿಂದ ಹುಬ್ಬಳ್ಳಿ, ಅಣ್ಣಿಗೇರಿ ದಾಟಿ ಗದಗಕ್ಕೆ ಬರೋ ಹೊತ್ತಿಗೆ ಮೋಡ ಖಾಲಿ, ಗಾಳಿ ಮಾತ್ರ ಉಳಿದಿರುತ್ತದೆ. ಕಪ್ಪತಗುಡ್ಡದ ಕಡೆ ಗಾಳಿ ಫ್ಯಾನ್ ನಿಲ್ಲಿಸಿದ್ದು ಸುಮ್ನೆ ಅಲ್ಲ. ಜೂನ್-ಜುಲೈನಲ್ಲಿ ಅವು ಗರಗರ ತಿರುಗುತ್ತಿರುತ್ತವೆ, ಕೆಳಗೆ ಹನಿ ನೀರಿರಲ್ಲ. ಈ ಗಾಳಿ ಎಳೆ ಗಿಡದ ಎಲೆಯಿಂದ ನೀರು ಹೀರಿ ಹಾಕುತ್ತದೆ. ನಮಗೆ ಗಟ್ಟಿ ಮಳೆ ಸೆಪ್ಟೆಂಬರ್‌ನಲ್ಲಿ. ಹುಬ್ಬಿ, ಉತ್ತರಿ ಮಳೆ. ಹಿಂಗಾರಿ ಬಿಳಿಜೋಳ, ಕಡಲಿ, ಕುಸುಬಿ ಎಲ್ಲ ಅದನ್ನೇ ನಂಬಿಕೊಂಡಿವೆ.

ಅದಕ್ಕೆ ನಾನು ಮರಗಿಡವನ್ನೂ ಆಗಸ್ಟ್ ಕೊನೆಗೆ ಹಚ್ಚುತ್ತೇನೆ.

ಸಾಧನಕೇರಿ ಕಾಕಾ (ಧಾರವಾಡ)

ನೀವು ಹೇಳಿದ ಮಳೆ ಲೆಕ್ಕ ಒಪ್ಪಿದೆ. ಆದರೆ ಸೆಪ್ಟೆಂಬರ್‌ನಲ್ಲಿ ಹಚ್ಚಿದರೆ ಬೇರಿಗೆ ಮೂರು ತಿಂಗಳು ಖೋತಾ ಅಲ್ವಾ? ಮುಂದಿನ ಬೇಸಿಗೆ ನಿಮ್ಮಲ್ಲಿ ನಮಗಿಂತ ಜೋರು, 40 ಮುಟ್ಟುತ್ತದೆ.

ಬೆಟಗೇರಿ ಬಾಲ್ಕನಿ (ಗದಗ)

ಖೋತಾ ಹೌದು. ಆದರೆ ಜೂನ್‌ನಲ್ಲಿ ಹಚ್ಚಿ ಜುಲೈನಲ್ಲಿ ಒಣಗಿಸೋದಕ್ಕಿಂತ ಮೇಲು. ದಿನಾ ಒಂದು ಬಕೆಟ್ ನೀರು ಖಾತ್ರಿ ಇರೋರು ಜೂನ್‌ನಲ್ಲೇ ಹಚ್ಚಲಿ, ಪಡುವಣ ದಿಕ್ಕಿಗೆ ಚೀಲದ ಮರೆ ಕಟ್ಟಲಿ. ನೀರಿಲ್ಲದವರು ಹುಬ್ಬಿ ಮಳೆವರೆಗೆ ತಡೆದುಕೊಳ್ಳಲಿ. ಎರಿ ನೆಲದ ಗುಣ ಏನಂದರೆ ಒಮ್ಮೆ ಆಳಕ್ಕೆ ಹಸಿ ಕೂಡಿತು ಅಂದರೆ ಬೇಗ ಬಿಟ್ಟುಕೊಡಲ್ಲ. ಅದರ ಮೇಲೇ ಅಲ್ವಾ, ಆಮೇಲೆ ಮಳೆ ಬರಲಿ ಬಿಡಲಿ, ಜೋಳ ತೆನೆ ಹಿರಿಯೋದು.

ಮಿರಗ ಗಿರಗ (ಹಾವೇರಿ)

ಎಲ್ಲರೂ ಮಿರಗ, ಹುಬ್ಬಿ, ಉತ್ತರಿ ಅಂತಿದ್ದೀರಿ. ಮೋಡಕ್ಕೆ ಪಂಚಾಂಗ ಓದೋಕೆ ಬರುತ್ತಾ? 2023ರಲ್ಲಿ ಮುಂಗಾರು ಕೇರಳಕ್ಕೆ ಬಂದಿದ್ದೇ ಜೂನ್ 8ಕ್ಕೆ. 2025ರಲ್ಲಿ ಮೇ 24ಕ್ಕೇ ಬಂದುಬಿಟ್ಟಿತು. ಮಿರಗ ಮಾತ್ರ ಎರಡೂ ವರ್ಷ ಅದೇ ತಾರೀಖಿಗೆ ಕೂಡಿತು. ಹವಾಮಾನ ಇಲಾಖೆ ಮುನ್ಸೂಚನೆ ಫೋನಿನಲ್ಲೇ ಸಿಗೋ ಕಾಲದಲ್ಲಿ ಇದೆಲ್ಲ ಯಾಕೆ?

ಸಾಧನಕೇರಿ ಕಾಕಾ (ಧಾರವಾಡ)

ಹೆಸರು ಚೆನ್ನಾಗಿಟ್ಟುಕೊಂಡಿದ್ದೀರಿ ತಮ್ಮಾ. ನಿಮ್ಮ ಮಾತಿನಲ್ಲೇ ಉತ್ತರ ಇದೆ ನೋಡಿ. ಮಳೆ ನಕ್ಷತ್ರ ಸೂರ್ಯನ ಲೆಕ್ಕ. ಒಂದೊಂದು 13-14 ದಿನ ಇರುತ್ತದೆ, ವರ್ಷ ವರ್ಷ ಹೆಚ್ಚೂಕಡಿಮೆ ಅದೇ ತಾರೀಖು. ರೋಹಿಣಿ ಮೇ 25ರ ಸುಮಾರಿಗೆ, ಮಿರಗ ಜೂನ್ 7-8ಕ್ಕೆ, ಆರಿದ್ರಾ 21-22ಕ್ಕೆ. ಈ ಹೊತ್ತಿಗೆ ಇಂಥ ಮಳೆ ಬರೋದು ವಾಡಿಕೆ ಅಂತ ಅದು ಹೇಳುತ್ತದೆ ಅಷ್ಟೇ. ಬಂದೇ ಬರುತ್ತೆ ಅಂತ ಯಾವ ಹಿರಿಯರೂ ಬರೆದುಕೊಟ್ಟಿಲ್ಲ. ಮಿರಗ ಕೂಡಿದ ಮೇಲೂ ಹಸಿ ನೋಡದೆ ಯಾವ ರೈತ ಕೂರಿಗೆ ಹೂಡುತ್ತಾನೆ?

ಹಬ್ಬ ನೋಡಿ ಹಚ್ಚೋರು ಮಾತ್ರ ಹುಷಾರಾಗಿರಬೇಕು. ಹಬ್ಬ ಚಂದ್ರನ ಲೆಕ್ಕ. ಕಾರ ಹುಣ್ಣಿಮೆ 2023ರಲ್ಲಿ ಜೂನ್ ಮೊದಲ ವಾರ ಬಂತು, 2024ರಲ್ಲಿ ಮೂರನೇ ವಾರ. ಮೇಲೆ ನಾನೇ ಸೀಗಿ ಹುಣ್ಣಿಮೆ, ಶಿವರಾತ್ರಿ ಅಂದಿದ್ದೇನೆ, ಅದನ್ನು ಅಕ್ಟೋಬರ್ ನಡುವಿನಿಂದ ಫೆಬ್ರುವರಿ ಕೊನೆವರೆಗೆ ಅಂತ ಓದಿಕೊಳ್ಳಿ.

ಮಿರಗ ಗಿರಗ (ಹಾವೇರಿ)

ಇದು ಒಪ್ಪೋ ಮಾತು ಕಾಕಾ. ಇನ್ನೊಂದು ಸೇರಿಸ್ತೀನಿ. ಮಳೆ ಶುರುವಾಯ್ತು ಅಂದರೆ ನಿಲ್ಲಲ್ಲ ಅಂತ ತಿಳಿಯಬೇಡಿ. 2023ರ ಆಗಸ್ಟ್ ನೆನಪಿದೆಯಾ? ಇಡೀ ದೇಶಕ್ಕೇ 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ಇರಲಿಲ್ಲ. ಮಳೆಗಾಲ ಅಂತ ಪೈಪ್ ಸುತ್ತಿಟ್ಟವರ ಜುಲೈ ಗಿಡಗಳೆಲ್ಲ ತಿಂಗಳೊಳಗೆ ಕಡ್ಡಿಯಾದವು. ಹಚ್ಚಿದ ಮೇಲೆ ಎರಡು ತಿಂಗಳು ಗಿಡದ ಮೇಲೆ ಕಣ್ಣಿರಬೇಕು, ಮಳೆಗಾಲ ಆದರೂ.

ನರ್ಸರಿ ಮಂದಿ (ಧಾರವಾಡ)

ನರ್ಸರಿಯವರು ಯಾವಾಗ ಬೇಕಾದರೂ ಹಚ್ಚಿ ಅಂತಾರೆ ಅಂತ ಬೈಯ್ಯೋ ಮೊದಲು ನಮ್ಮ ಮಾತೂ ಕೇಳಿ. ಚೀಲದಲ್ಲಿ ಬೆಳೆದ ಗಿಡಕ್ಕೆ ಬೇರು ಕತ್ತರಿಸೋ ಪ್ರಶ್ನೆ ಇಲ್ಲ, ಹಾಗಾಗಿ ಯಾವಾಗ ಹಚ್ಚಿದರೂ ಬದುಕಬಹುದು. ಅದು ಸುಳ್ಳಲ್ಲ. ಬದುಕಿಸೋಕೆ ಎಷ್ಟು ನೀರು ಬೇಕು ಅನ್ನೋದನ್ನ ಯಾರೂ ಕೇಳಲ್ಲ, ನಾವೂ ಹೇಳಲ್ಲ. ಅಂಗಡಿ ಅಂದಮೇಲೆ ಅಷ್ಟೇ ರೀ.

ಗಿಡ ಕೊಳ್ಳೋವಾಗ ಒಂದು ವಿಷಯ ನೋಡಿ. ಬಹಳಷ್ಟು ಗಿಡ ಆಂಧ್ರದ ಕಡಿಯಂ ಕಡೆಯಿಂದ ಲಾರಿಯಲ್ಲಿ ಬರುತ್ತವೆ. ಬೇರಿನ ಸುತ್ತ ಕೆಂಪು ಜಿಗಟು ಮಣ್ಣಿನ ಉಂಡೆ ಇರುತ್ತದೆ. ಅದನ್ನು ಹಾಗೇ ಎರಿಯಲ್ಲಿ ಹೂತರೆ ಬೇರು ಉಂಡೆ ಬಿಟ್ಟು ಆಚೆ ಬರೋಕೆ ಒಲ್ಲೆ ಅನ್ನುತ್ತದೆ. ಸುತ್ತ ಮಣ್ಣು ಹಸಿ, ಉಂಡೆ ಒಣ. ಹಚ್ಚೋ ಮುಂಚೆ ಬಕೆಟ್ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಹೊರಗಿನ ಮಣ್ಣು ಮೆಲ್ಲಗೆ ಉದುರಿಸಿ. ಇದನ್ನು ಮಾಡಬೇಕಂದರೆ ಮೋಡದ ದಿನವೇ ಬೇಕು, ಬಿಸಿಲಲ್ಲಿ ಬೇರು ತೆರೆದರೆ ಮುಗೀತು. ಜೂನ್‌ನಲ್ಲಿ ಹಚ್ಚಿ ಅನ್ನೋದಕ್ಕೆ ಇದೂ ಒಂದು ಕಾರಣ.

ಮತ್ತೆ, ಹಸಿರು ನೆಟ್ ಕೆಳಗೆ ಇದ್ದ ಗಿಡ ತಂದ ದಿನವೇ ನೆಲಕ್ಕೆ ಇಳಿಸಬೇಡಿ. ಒಂದು ವಾರ ಗೋಡೆ ನೆರಳಲ್ಲಿಡಿ, ಬೆಳಗಿನ ಬಿಸಿಲು ಮಾತ್ರ ತಾಗಲಿ.

ಎರಿಮಣ್ಣು (ಹುಬ್ಬಳ್ಳಿ)

ಎಲ್ಲ ಓದಿದೆ, ತುಂಬಾ ಉಪಕಾರ. ಈಗ ಮೇ ಎರಡನೇ ವಾರ. ನಿನ್ನೆ ಸಂಜೆ ಗುಡುಗು ಸಿಡಿಲು, ಆಣೆಕಲ್ಲು ಸಮೇತ ಒಂದು ತಾಸು ಮಳೆ ಹೊಡೀತು. ಹಿತ್ತಲೆಲ್ಲ ಕೆಸರು, ಚಪ್ಪಲಿ ಕಿತ್ತು ಬರ್ತಿದೆ. ನಾಳೆ ಹಚ್ಚಿಬಿಡಲಾ?

ಸಾಧನಕೇರಿ ಕಾಕಾ (ಧಾರವಾಡ)

ಬೇಡ ಬೇಡ. ಇದು ಅಡ್ಡಮಳೆ, ಮುಂಗಾರಲ್ಲ. ಸಲಿಕೆ ತಗೊಂಡು ಒಂದು ಮೊಳ ಅಗೆದು ನೋಡಿ, ಫೋಟೋ ಹಾಕಿ.

ಎರಿಮಣ್ಣು (ಹುಬ್ಬಳ್ಳಿ)

ಅಗೆದೆ ಕಾಕಾ. ಮೇಲೆ ನಾಲ್ಕು ಬೆರಳು ಕೆಸರು. ಅದರ ಕೆಳಗೆ ಬೂದಿ ಬಣ್ಣದ ಹೆಂಟೆ, ಸಲಿಕೆ ಬಡಿದರೆ ಠಣ್ ಅಂತದೆ. ಒಂದೆರಡು ಬಿರುಕಿನ ಬಾಯಲ್ಲಿ ಮಾತ್ರ ಆಳಕ್ಕೆ ಹಸಿ ಕಾಣುತ್ತಿದೆ.

ಸಾಧನಕೇರಿ ಕಾಕಾ (ಧಾರವಾಡ)

ಅದೇ ನೋಡಿ. ಮೇಲಿನ ನಾಲ್ಕು ಬೆರಳು ಮೂರು ದಿನದ ಬಿಸಿಲಿಗೆ ಮತ್ತೆ ಗಾರೆ ಆಗುತ್ತದೆ. ಎರಿ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಈಗ ಹಚ್ಚಿದರೆ ಜೂನ್ ಬರೋದರೊಳಗೆ ಇನ್ನೊಂದು ಸಲ ಬಿರಿದು ಎಳೆ ಬೇರನ್ನು ಹರಿಯುತ್ತದೆ.

ಯಾವಾಗ ಹದ ಅಂತ ಕೇಳಿದರೆ, ಒಂದು ಮೊಳ ಕೆಳಗಿನ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಚುಕಿ. ಉಂಡೆ ಆಗಬೇಕು, ಬೆರಳಿನಿಂದ ಒತ್ತಿದರೆ ಒಡೆಯಬೇಕು. ಪುಡಿ ಉದುರಿದರೆ ಇನ್ನೂ ಮಳೆ ಬೇಕು. ಅಂಗೈಗೆ ಮೆತ್ತಿಕೊಂಡರೆ ಜಾಸ್ತಿ ಆಗಿದೆ, ಎರಡು ದಿನ ಹೊರಪು ಕೊಡಲಿ. ಕೆಸರಿನಲ್ಲಿ ಗಿಡ ಹಚ್ಚಿ ಕಾಲಿಂದ ತುಳಿದರೆ ಬೇರಿಗೆ ಗಾಳಿ ಆಡಲ್ಲ, ಆರಿದ ಮೇಲೆ ಅದು ಇಟ್ಟಂಗಿ.

ಈ ಮಳೆಯಿಂದ ಒಂದು ಲಾಭ ಮಾಡಿಕೊಳ್ಳಿ. ನೆಲ ಸ್ವಲ್ಪ ಮೆತ್ತಗಾಗಿದೆ, ಇವತ್ತು ನಾಳೆಯೊಳಗೆ ಗುಂಡಿ ತೋಡಿಸಿ. ಮೂರು ಅಡಿ ಉದ್ದ, ಅಗಲ, ಆಳ. ಮೇಲಿನ ಮಣ್ಣು ಒಂದು ಕಡೆ, ತಳದ ಮಣ್ಣು ಒಂದು ಕಡೆ ಹಾಕಿಸಿ. ಮೇ ಬಿಸಿಲಿಗೆ ಗುಂಡಿ ಬಾಯಿ ತೆರೆದೇ ಇರಲಿ. ಒಳಗಿನ ಹುಳ, ಗೊಣ್ಣೆಹುಳ ಸಾಯಲಿ. ತುಂಬೋವಾಗ ಮೇಲಿನ ಮಣ್ಣಿಗೆ ತಿಪ್ಪೆಗೊಬ್ಬರ, ಒಂದೆರಡು ಕಿಲೋ ಬೇವಿನ ಹಿಂಡಿ ಕಲಸಿ ಹಾಕಿ.

ಹಾನಗಲ್ ತೋಟ

ನಡುವೆ ಬಾಯಿ ಹಾಕ್ತೀನಿ ಕ್ಷಮಿಸಿ. ಎರಿ ಮಣ್ಣಿಗೆ ಮಾವು ಯಾಕೆ ಸರ್? ನಮ್ಮ ಹಾನಗಲ್, ಧಾರವಾಡ, ಕಲಘಟಗಿ ಕಡೆ ಆಪೂಸ್ ಬರೋದು ಕೆಂಪು ಮಸಾರಿ ಇಳಿಜಾರು ನೆಲ ಇರೋದರಿಂದ, ನೀರು ನಿಲ್ಲಲ್ಲ. ಆಳದ ಎರಿಯಲ್ಲಿ ಬೇರು ಉಸಿರುಗಟ್ಟುತ್ತದೆ. ಋತು ಎಷ್ಟೇ ಸರಿ ಇದ್ದರೂ ಜಾಗವೇ ಸರಿ ಇಲ್ಲದಿದ್ದರೆ ಏನು ಮಾಡೋದು? ಚಿಕ್ಕು ತಡೆದುಕೊಳ್ಳುತ್ತದೆ. ಪೇರಲ, ಬಾರೆ ಕೂಡ ಅಡ್ಡಿಯಿಲ್ಲ. ಮಾವು ಬೇಕೇಬೇಕು ಅಂದರೆ ನೆಲದಿಂದ ಒಂದೂವರೆ ಅಡಿ ಎತ್ತರ ಮಣ್ಣು ಏರಿಸಿ ಅದರ ಮೇಲೆ ಹಚ್ಚಿ. ಕಸಿ ಜೋಡಣೆ ಮಣ್ಣಿನೊಳಗೆ ಹೋಗಬಾರದು, ಒಂದು ಗೇಣಾದರೂ ಮೇಲಿರಲಿ.

ಪಪ್ಪಾಯಿಯನ್ನು ಜೂನ್ ಪಟ್ಟಿಯಿಂದ ತೆಗೆದುಹಾಕಿ. ಬುಡದಲ್ಲಿ ಒಂದೆರಡು ದಿನ ನೀರು ನಿಂತರೂ ಸಾಕು, ಎಲೆ ಹಳದಿಯಾಗಿ ಇಡೀ ಗಿಡ ಕೂತುಬಿಡುತ್ತದೆ. ಜಡಿಮಳೆ ಮುಗಿದ ಮೇಲೆ ಸೆಪ್ಟೆಂಬರ್ ಕೊನೆಗೆ, ಅದೂ ಏರುಮಡಿ ಮೇಲೆ. ನುಗ್ಗೆ ಟೊಂಗೆ ಊರೋರಿಗೂ ಇದೇ ಮಾತು, ಜುಲೈ ನೀರಲ್ಲಿ ಟೊಂಗೆ ಕೊಳೆಯುತ್ತದೆ.

ಗಾಳಿಯ ಬಗ್ಗೆ ಗದಗದವರು ಹೇಳಿದ್ದು ನಮಗೂ ಹೊಂದುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಪಡುವಣದಿಂದ. ಆಸರೆ ಕೋಲು ಆ ಕಡೆಗೇ ಊರಿ, ಗಿಡ ಅದರಿಂದ ಆಚೆ ಬಾಗುತ್ತದೆ, ಕೋಲಿಗೆ ತಿಕ್ಕಲ್ಲ. ಹಗ್ಗ ಬಿಗಿಯಬೇಡಿ. ಹಳೆ ಸೀರೆ ಅಂಚು ಎಂಟರ ಆಕಾರದಲ್ಲಿ ಸುತ್ತಿ.

ಗಚ್ಚಿನ ಮೇಲಿನ ತೋಟ (ನವನಗರ)

ಗಂಡಸರೆಲ್ಲ ಮರದ ಮಾತೇ ಆಡ್ತಿದ್ದೀರಿ, ಹೂವಿನ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ.

ದಸರಾ ದೀಪಾವಳಿಗೆ ಮನೆಯ ಚೆಂಡು ಹೂವೇ ಆಗಬೇಕು ಅನ್ನೋರು ಹಬ್ಬದಿಂದ ಹಿಂದಕ್ಕೆ ಎಣಿಸಿ. ಅಗಿ ಹಚ್ಚಿ ಸುಮಾರು ಎರಡು ತಿಂಗಳಿಗೆ ಹೂ. ಬೀಜದಿಂದ ಆದರೆ ಇನ್ನೂ ಒಂದು ತಿಂಗಳು ಮೊದಲು.

ಸೇವಂತಿಗೆ ಮಾತ್ರ ನೀವು ಎಣಿಸೋದು ಬೇಡ, ಅದೇ ಎಣಿಸುತ್ತದೆ. ಹಗಲು ಚಿಕ್ಕದಾಗಿ ರಾತ್ರಿ ದೊಡ್ಡದಾದಾಗಲೇ ಅದು ಮೊಗ್ಗು ಕಟ್ಟೋದು. ನಮ್ಮ ಕಡೆ ಜೂನ್‌ನಲ್ಲಿ ಹಗಲು ಸುಮಾರು 13 ತಾಸು, ಡಿಸೆಂಬರ್‌ನಲ್ಲಿ ಹನ್ನೊಂದೂ ಕಾಲು. ಹಾಗಾಗಿ ಜೂನ್-ಜುಲೈನಲ್ಲಿ ಹಚ್ಚಿದರೆ ಮೊದಲು ಮೈ ತುಂಬಿಕೊಂಡು, ಚಳಿ ಶುರುವಾಗೋ ಹೊತ್ತಿಗೆ ಗಿಡ ತುಂಬ ಹೂ. ಅಕ್ಟೋಬರ್‌ನಲ್ಲಿ ಹಚ್ಚಿದರೆ ಗೇಣುದ್ದದ ಗಿಡಕ್ಕೇ ನಾಲ್ಕು ಹೂ ಬಿಟ್ಟು ಸುಮ್ಮನಾಗುತ್ತದೆ. ಗೊಬ್ಬರ ಕಡಿಮೆ ಆಯ್ತು ಅಂತ ನರ್ಸರಿಗೆ ಓಡಬೇಡಿ. ಹಳೆ ತಳಿಯ ಅವರೆ ಬಳ್ಳಿದೂ ಇದೇ ಸ್ವಭಾವ. ಜನವರಿಯಲ್ಲಿ ಬೀಜ ಹಾಕಿ ಬೇಸಿಗೆಯೆಲ್ಲ ಬಳ್ಳಿ ಬೆಳೆಸಿ, ಕಾಯಿ ಎಲ್ಲಿ ಅಂತ ಕೇಳೋರಿದ್ದಾರೆ.

ಮಲ್ಲಿಗೆ ಮಳೆಗಾಲದಲ್ಲಿ ಹಚ್ಚಿ, ಯಾವ ತಕರಾರೂ ಇಲ್ಲ. ಗುಲಾಬಿ ಸವರೋದು ಅಕ್ಟೋಬರ್‌ನಲ್ಲಿ, ಮಳೆ ಹಿಂದಾದ ಮೇಲೆ.

ಎರಿಮಣ್ಣು (ಹುಬ್ಬಳ್ಳಿ)

ಮಾವು ಬಿಟ್ಟೆ. ಮನೆಯಲ್ಲಿ ಸ್ವಲ್ಪ ಮುನಿಸು ನಡೆದಿದೆ, ಇರಲಿ. ಈಗ ನನ್ನ ಲೆಕ್ಕ ಹೀಗಿದೆ. ಗುಂಡಿ ತೋಡಿ ಆಗಿದೆ. ಮಿರಗದಿಂದ ಆರಿದ್ರಾದೊಳಗೆ ಹದ ನೋಡಿ ಚಿಕ್ಕು, ಪೇರಲ, ಕರಿಬೇವು, ಮಲ್ಲಿಗೆ. ಸೆಪ್ಟೆಂಬರ್ ಕೊನೆಗೆ ಏರುಮಡಿ ಮಾಡಿ ಪಪ್ಪಾಯಿ. ಅಕ್ಟೋಬರ್‌ನಲ್ಲಿ ಸೊಪ್ಪು, ಗಜ್ಜರಿ. ಬದನೆ, ಟೊಮೆಟೊ ಯಾವಾಗ ಅಂತ ಗೊತ್ತಾಗಲಿಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕಾಯಿಪಲ್ಲೆ ಜಾಗ ಖಾಲಿ ಬಿಡಬೇಕಾ?

ಬೆಟಗೇರಿ ಬಾಲ್ಕನಿ (ಗದಗ)

ಖಾಲಿ ಯಾಕೆ? ಹೊಲದವರು ಮಾಡೋದನ್ನೇ ಮಾಡಿ. ಜೂನ್‌ನಲ್ಲಿ ಹೆಸರು ಚೆಲ್ಲಿ. 60-65 ದಿನಕ್ಕೆ ಕಾಯಿ ಒಣಗುತ್ತದೆ. ಕಾಯಿ ಬಿಡಿಸಿಕೊಂಡು ಹೊಟ್ಟು ಬೇರು ಸಮೇತ ಅಲ್ಲೇ ಮುಚ್ಚಿ, ಮಣ್ಣಿಗೆ ಸಾರಜನಕ ಸೇರುತ್ತದೆ. ಮುಂಗಾರಿ ಹೆಸರು ತೆಗೆದು ಅದೇ ಹೊಲಕ್ಕೆ ಹಿಂಗಾರಿ ಜೋಳ ಬಿತ್ತೋದು ನಮ್ಮ ಕಡೆ ಮೊದಲಿನಿಂದ ಬಂದ ರೂಢಿ. ನಿಮ್ಮ ಜೋಳದ ಜಾಗದಲ್ಲಿ ಮೆಂತೆ, ಗಜ್ಜರಿ ಬರುತ್ತದೆ ಅಷ್ಟೇ. ಕಂಪೌಂಡ್ ಗೋಡೆಗೆ ಜೂನ್‌ನಲ್ಲೇ ಹೀರಿಕಾಯಿ, ಹಾಗಲ ಬಳ್ಳಿ ಹತ್ತಿಸಿ.

ಟೊಮೆಟೊ, ಬದನೆ ಅಗಿಯನ್ನು ಆಗಸ್ಟ್‌ನಲ್ಲಿ ಟ್ರೇನಲ್ಲಿ ಹಾಕಿ, ಮಳೆ ನೇರ ಬೀಳದ ಹಾಗೆ ಮೇಲೆ ಪ್ಲಾಸ್ಟಿಕ್ ಎಳೆಯಿರಿ. ಇಲ್ಲದಿದ್ದರೆ ದಾರದಷ್ಟು ಕಾಂಡ ಬುಡದಲ್ಲೇ ಕೊಳೆತು ರಾತ್ರೋರಾತ್ರಿ ಮಲಗುತ್ತವೆ. ಸೆಪ್ಟೆಂಬರ್‌ನಲ್ಲಿ ಸಂಜೆ ಹೊತ್ತು ನೆಲಕ್ಕೆ ಇಳಿಸಿ.

ಮಿರಗ ಗಿರಗ (ಹಾವೇರಿ)

ಬೆಂಡಿಕಾಯಿಯನ್ನೂ ಜೂನ್‌ಗೇ ಹಾಕಿಬಿಡಿ. ಬೇಸಿಗೆಯಲ್ಲಿ ಹಾಕಿದರೆ ಬಿಳಿನೊಣ ಜಾಸ್ತಿ, ಎಲೆ ನರ ಹಳದಿಯಾಗೋ ರೋಗ ಅದರಿಂದಲೇ ಹರಡೋದು.

ಎರಿಮಣ್ಣು (ಹುಬ್ಬಳ್ಳಿ)

ಹೆಸರು ಚೆಲ್ಲೋದು ಹೊಳೆದೇ ಇರಲಿಲ್ಲ. ಮನೆಯವರಿಗೆ ಹೇಳಿದೆ, ಮಾವಿನ ಸಿಟ್ಟು ಅರ್ಧ ಇಳಿಯಿತು. ತಿಪ್ಪೆಗೊಬ್ಬರ ಒಂದು ಟ್ರ್ಯಾಕ್ಟರ್ ಟ್ರೇಲರ್ ನಾಳೆ ಬರುತ್ತಿದೆ, ನೇರ ಗುಂಡಿಗೇ ಹಾಕಿಸಲಾ?

ಸಾಧನಕೇರಿ ಕಾಕಾ (ಧಾರವಾಡ)

ಇಳಿಸೋ ಮೊದಲು ರಾಶಿಯೊಳಗೆ ಕೈ ಹಾಕಿ ನೋಡಿ. ಬೆಚ್ಚಗಿದ್ದರೆ, ಸಗಣಿ ವಾಸನೆ ಬಂದರೆ ಇನ್ನೂ ಕಳಿತಿಲ್ಲ, ಬೇರು ಸುಡುತ್ತದೆ, ಗೆದ್ದಲೂ ಬರುತ್ತದೆ. ಅಂಥದಾದರೆ ಮೂಲೆಯಲ್ಲಿ ರಾಶಿ ಹಾಕಿಸಿ, ನೀರು ಚಿಮುಕಿಸಿ ಮುಚ್ಚಿಡಿ, ಅಕ್ಟೋಬರ್ ಸೊಪ್ಪಿನ ಮಡಿಗೆ ಆಗುತ್ತದೆ. ಗುಂಡಿಗೆ ಹಳೆಯದೇ ಬೇಕು, ಕಪ್ಪಗೆ ಉದುರುದುರಾಗಿ ಇರೋದು. ಗಾಡಿಯವರು ಎಲ್ಲ ಹಳೆಯದೇ ಸರ್ ಅಂತಾರೆ, ನೀವು ಕೈ ಹಾಕದೆ ದುಡ್ಡು ಕೊಡಬೇಡಿ.